ಪಿನ್ ಕೋಡ್ ಮಧ್ಯೆ ಬಿಡುವ ಜಾಗ

ಬಳ್ಳಾರಿ 583 101, ಕೊಪ್ಪಳ 583 231, ರಾಯಚೂರು 584 101. ಮೂರೂ ಆರು ಲಕ್ಷದ ಹತ್ತಿರದ ಸಂಖ್ಯೆಗಳು. ಪಕ್ಕಪಕ್ಕದ ಊರುಗಳೇ ಆದರೂ ಈ ಸಂಖ್ಯೆಗಳ ಸ್ವಭಾವ, ಅಂದರೆ ಯಾವ ಯಾವ ಸಂಖ್ಯೆ ಇವನ್ನು ಶೇಷವಿಲ್ಲದೆ ಭಾಗಿಸುತ್ತದೆ ಅನ್ನುವುದು, ಮಾತ್ರ ಬೇರೆ ಬೇರೆ. ಅದನ್ನು ಹಿಡಿಯಲು ಮಧ್ಯೆ ಬಿಡುವ ಆ ಖಾಲಿ ಜಾಗ ತುಂಬಾ ಸಹಾಯ ಮಾಡುತ್ತದೆ.

ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಮೊದಲ ಮೂರು ಅಂಕಿ ಟಪಾಲು ವಿಂಗಡಿಸುವ ಪ್ರದೇಶದ್ದು, ಉಳಿದ ಮೂರು ಅಂಚೆ ಕಚೇರಿಯದ್ದು. (ಕೊಪ್ಪಳ 1997ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ಆದರೆ ಅದರ ಪಿನ್ ಬಳ್ಳಾರಿಯ ಹಾಗೆ 583ರಿಂದಲೇ ಶುರು!)

ಕೊಪ್ಪಳವನ್ನೇ ತೆಗೆದುಕೊಳ್ಳಿ. 583231 ಅಂದರೆ 583 ಸಾವಿರ, ಮೇಲೆ 231. ಒಂದೊಂದು ಸಾವಿರದಿಂದಲೂ 999 ತೆಗೆದರೆ ಒಂದೊಂದು ಉಳಿಯುತ್ತದೆ. ಹಾಗೆ ಉಳಿದ 583ಕ್ಕೆ 231 ಕೂಡಿಸಿದರೆ 814. ಈ 999 ಅಂದರೆ 27×37. ಹಾಗಾಗಿ 814 ಅನ್ನು 37 ಭಾಗಿಸಿದರೆ ಇಡೀ ಪಿನ್ ಕೋಡನ್ನೂ ಭಾಗಿಸಲೇಬೇಕು. 37×22 ಎಷ್ಟು? 814. ಸಿಕ್ಕಿತಲ್ಲ!

ಈಗ ಕೂಡಿಸುವ ಬದಲು ಕಳೆಯಿರಿ. 583ರಲ್ಲಿ 231 ಹೋದರೆ 352. ಇಲ್ಲಿ ಕೆಲಸ ಮಾಡುವುದು 1001, ಅಂದರೆ 7×11×13. ಒಂದೊಂದು ಸಾವಿರವೂ 1001ಕ್ಕಿಂತ ಒಂದು ಕಡಿಮೆ, ಅದಕ್ಕೇ ಕೂಡಿಸುವ ಬದಲು ಕಳೆಯುವುದು; ವ್ಯತ್ಯಾಸವನ್ನು 7, 11, 13ರಲ್ಲಿ ಯಾವುದು ಭಾಗಿಸಿದರೂ ಅದು ಇಡೀ ಪಿನ್ ಕೋಡನ್ನೂ ಭಾಗಿಸುತ್ತದೆ. 352 ಅಂದರೆ 11×32, ಹಾಗಾಗಿ 11 ಕೂಡ ಸಿಕ್ಕಿತು. ಕೊನೆಗೆ 583231 = 11×37×1433. ಮೂರೂ ಬೇರೆ ಬೇರೆ ಅವಿಭಾಜ್ಯ ಸಂಖ್ಯೆಗಳು, ಒಂದೊಂದೂ ಒಂದೇ ಸಲ. ಇಂಥವನ್ನು ಗಣಿತದವರು ಸ್ಫೆನಿಕ್ ಸಂಖ್ಯೆ ಅನ್ನುತ್ತಾರೆ.

ಬಳ್ಳಾರಿಯದ್ದು ಕೂಡಿಸಿದರೆ 684, ಅದು 9×76. ಕಳೆದರೆ 482, ಅದರಲ್ಲಿ 7, 11, 13 ಯಾವುದೂ ಇಲ್ಲ. 9 ತೆಗೆದ ಮೇಲೆ ಉಳಿಯುವ 64789 ನಮ್ಮ ಉಪಾಯಕ್ಕೆ ಬಗ್ಗುವುದಿಲ್ಲ. ಒಂದೊಂದೇ ಭಾಗಿಸುತ್ತಾ ಹೋದರೆ 67×967 ಎಂದು ಗೊತ್ತಾಗುತ್ತದೆ. 3 ಎರಡು ಸಲ ಬಂದಿರುವುದರಿಂದ ಇದು ಸ್ಫೆನಿಕ್ ಅಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ರಾಯಚೂರಿನದು. ಕೂಡಿಸಿದರೆ 685, ಏನೂ ಸಿಗಲ್ಲ. ಕಳೆದರೆ 483, ಅಂದರೆ 7×69. ಹಾಗಾಗಿ 584101 = 7×83443. ಈ 83443 ಮುಂದೆ ಒಡೆಯುತ್ತದಾ? 289ರ ವರ್ಗವೇ 83521. ಹಾಗಾಗಿ ಎರಡು ಸಂಖ್ಯೆಗಳ ಗುಣಲಬ್ಧ 83443 ಆಗಬೇಕಾದರೆ ಅವುಗಳಲ್ಲಿ ಒಂದಾದರೂ 289ಕ್ಕಿಂತ ಚಿಕ್ಕದಿರಬೇಕು. ಅಷ್ಟರೊಳಗಿನ ಅವಿಭಾಜ್ಯಗಳು 61. ತಾಳ್ಮೆಯಿಂದ ಎಲ್ಲದರಿಂದಲೂ ಭಾಗಿಸಿ ನೋಡಿ, ಪ್ರತಿ ಸಲವೂ ಶೇಷ ಉಳಿಯುತ್ತದೆ. ಹೀಗಾಗಿ ರಾಯಚೂರಿನ ಪಿನ್ ಕೋಡನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ನಾಲ್ಕೇ: 1, 7, 83443 ಮತ್ತು ಅದೇ ಸಂಖ್ಯೆ. ಕೊಪ್ಪಳಕ್ಕೆ ಇಂಥವು 8, ಬಳ್ಳಾರಿಗೆ 12.

ಗಂಗಾವತಿಯವರು ಬೇಜಾರು ಮಾಡ್ಕೋಬೇಡಿ. 583 227 ಕೂಡಿಸಿದರೆ 810, ಅಂದರೆ 27×30. 999ರೊಳಗಿನ 27 ನಿಮ್ಮಲ್ಲಿ ಪೂರ್ತಿಯಾಗಿ ಸಿಗುತ್ತದೆ.