ಮೂತ್ರಪಿಂಡ ಕಾಯಿಲೆಯಲ್ಲಿ ಫಾಸ್ಫೇಟ್ ಬಂಧಕಗಳು: ಅಧ್ಯಯನ ಟಿಪ್ಪಣಿ

ವಯಸ್ಕರ ರಕ್ತದಲ್ಲಿ ಫಾಸ್ಫೇಟ್ ಸಾಮಾನ್ಯವಾಗಿ ಡೆಸಿಲೀಟರಿಗೆ 2.5ರಿಂದ 4.5 ಮಿಲಿಗ್ರಾಂನಷ್ಟಿರುತ್ತದೆ. ಮೂತ್ರಪಿಂಡದ ಸೋಸುವ ಶಕ್ತಿ ಕುಗ್ಗತೊಡಗಿದರೂ ಈ ಅಂಕಿ ಬಹುಕಾಲ ಏರುವುದಿಲ್ಲ. ಮೂಳೆಯಲ್ಲಿ ಉತ್ಪತ್ತಿಯಾಗುವ ಎಫ್‌ಜಿಎಫ್-23 ಎಂಬ ಹಾರ್ಮೋನ್ ಮತ್ತು ಕುತ್ತಿಗೆಯ ಗ್ರಂಥಿಗಳಿಂದ ಬರುವ ಪ್ಯಾರಾಥೈರಾಯ್ಡ್ ಹಾರ್ಮೋನ್ ಎರಡೂ ಹೆಚ್ಚಿ, ಅಳಿದುಳಿದ ಸೋಸುಘಟಕಗಳಾದ ನೆಫ್ರಾನ್‌ಗಳ ಮೂಲಕವೇ ಹೆಚ್ಚುವರಿ ಫಾಸ್ಫೇಟನ್ನು ಹೊರಹಾಕಿಸುತ್ತವೆ. ಈ ಹೊಂದಾಣಿಕೆ ಕೈಕೊಟ್ಟ ಮೇಲೆ, ಅಂದರೆ ಬಹುಮಟ್ಟಿಗೆ ಕಾಯಿಲೆಯ ಐದು ಹಂತಗಳಲ್ಲಿ ಕೊನೆಯವಾದ 4 ಮತ್ತು 5ನೇ ಹಂತಗಳಲ್ಲಿ, ಮಟ್ಟ ಏರುತ್ತದೆ. ದೇಹದ ಫಾಸ್ಫೇಟಿನ ಬಹುಪಾಲು ಮೂಳೆಯಲ್ಲೂ ಜೀವಕೋಶಗಳ ಒಳಗೂ ಇದ್ದು ರಕ್ತಕ್ಕೆ ನಿಧಾನವಾಗಿ ಬರುವುದರಿಂದ, ವಾರಕ್ಕೆ ಮೂರು ಬಾರಿಯ ಹೀಮೋಡಯಾಲಿಸಿಸ್ (ಯಂತ್ರದ ಮೂಲಕ ರಕ್ತ ಸೋಸುವಿಕೆ) ಒಂದರಿಂದಲೇ ಇದನ್ನು ಹತೋಟಿಗೆ ತರುವುದು ಕಷ್ಟ.

ಬಂಧಕಗಳ ಕೆಲಸವೆಲ್ಲ ನಡೆಯುವುದು ಕರುಳಿನಲ್ಲಿ. ಆಹಾರದಿಂದ ಬಿಡುಗಡೆಯಾದ ಫಾಸ್ಫೇಟನ್ನು ಹಿಡಿದು, ಹೀರಿಕೆಯಾಗದಂತೆ ಮಾಡಿ ಮಲದೊಂದಿಗೆ ಸಾಗಿಸುವುದಷ್ಟೇ ಅವುಗಳ ಪಾತ್ರ. ಆದ್ದರಿಂದ ಊಟದೊಂದಿಗೆ ಸೇವಿಸದ ಮಾತ್ರೆ ಬಹುತೇಕ ವ್ಯರ್ಥ. ಮಟ್ಟ ಇಳಿಯದಿದ್ದಾಗ ಪ್ರಮಾಣ ಹೆಚ್ಚಿಸುವ ಮೊದಲು ರೋಗಿ ಮಾತ್ರೆಯನ್ನು ಯಾವಾಗ ನುಂಗುತ್ತಿದ್ದಾರೆಂದು ವಿಚಾರಿಸುವುದು ಲೇಸು. ಹಿಡಿಯುವ ಕೆಲಸ ಎಲ್ಲವುಗಳಲ್ಲೂ ಒಂದೇ ಆಗಿರುವಾಗ, ಒಂದು ಬಂಧಕವನ್ನು ಇನ್ನೊಂದರಿಂದ ಬೇರ್ಪಡಿಸುವುದು ಅದು ದೇಹದೊಳಗೆ ಏನನ್ನು ಬಿಟ್ಟುಹೋಗುತ್ತದೆ ಎಂಬ ಪ್ರಶ್ನೆಯೇ ಎಂದು ನನಗನ್ನಿಸುತ್ತದೆ.

ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಪ್ರಬಲ ಬಂಧಕ; ಆದರೆ ಹೀರಿಕೆಯಾದ ಅಲ್ಯೂಮಿನಿಯಂ ಮಿದುಳು, ಮೂಳೆ ಮತ್ತು ರಕ್ತೋತ್ಪತ್ತಿಗೆ ಹಾನಿ ಮಾಡುವುದರಿಂದ ಅದರ ದೀರ್ಘಕಾಲದ ಬಳಕೆ ಬಹುಮಟ್ಟಿಗೆ ನಿಂತಿದೆ. ನಂತರ ಮುನ್ನೆಲೆಗೆ ಬಂದವು ಕ್ಯಾಲ್ಸಿಯಂ ಲವಣಗಳು. ಕ್ಯಾಲ್ಸಿಯಂ ಕಾರ್ಬೊನೇಟಿನ ತೂಕದಲ್ಲಿ ಶೇ. 40ರಷ್ಟು ಕ್ಯಾಲ್ಸಿಯಂ ಇದ್ದರೆ ಅಸಿಟೇಟಿನಲ್ಲಿ ಶೇ. 25ರಷ್ಟಿದೆ. ಕಾರ್ಬೊನೇಟ್ ಕರಗಲು ಜಠರದ ಆಮ್ಲ ಬೇಕು, ಹಾಗಾಗಿ ಆಮ್ಲ ತಗ್ಗಿಸುವ ಮಾತ್ರೆಗಳು ಜೊತೆಗಿದ್ದರೆ ಅದರ ಪರಿಣಾಮ ಕುಗ್ಗಬಹುದು. ಇವು ಅಗ್ಗವೂ ಪರಿಣಾಮಕಾರಿಯೂ ಹೌದು. ಆದರೆ ಹೀರಿಕೆಯಾದ ಕ್ಯಾಲ್ಸಿಯಂ ರಕ್ತನಾಳಗಳು ಸುಣ್ಣಗಟ್ಟುವುದಕ್ಕೆ ನೆರವಾಗಬಹುದೆಂಬ ಕಳವಳದಿಂದ, ಮೂತ್ರಪಿಂಡ ಚಿಕಿತ್ಸೆಯ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೋದ 2017ರ ಮಾರ್ಗಸೂಚಿ ಇವುಗಳ ಪ್ರಮಾಣವನ್ನು ಮಿತಿಗೊಳಿಸಲು ಸೂಚಿಸುತ್ತದೆ.

ಸೆವೆಲಮರ್ ಲೋಹವಿಲ್ಲದ ಪಾಲಿಮರ್, ಹೀರಿಕೆಯಾಗುವುದೇ ಇಲ್ಲ. ಅದು ಪಿತ್ತಾಮ್ಲಗಳನ್ನೂ ಹಿಡಿಯುವುದರಿಂದ ಎಲ್‌ಡಿಎಲ್ ಕೊಲೆಸ್ಟ್ರಾಲ್ ಇಳಿಯುವುದು ಉಪಲಾಭ. ಆದರೆ ಇದೇ ಹಿಡಿಯುವ ಗುಣ ಸಿಪ್ರೊಫ್ಲಾಕ್ಸಾಸಿನ್, ಮೈಕೊಫೆನೊಲೇಟ್‌ನಂಥ ಔಷಧಗಳ ಹೀರಿಕೆಯನ್ನೂ ತಗ್ಗಿಸುತ್ತದೆ. ಇದರ ಹೈಡ್ರೋಕ್ಲೋರೈಡ್ ರೂಪ ರಕ್ತದ ಆಮ್ಲೀಯತೆಯನ್ನು ಹೆಚ್ಚಿಸಬಲ್ಲದು. ಕಾರ್ಬೊನೇಟ್ ರೂಪದಲ್ಲಿ ಆ ತೊಡಕಿಲ್ಲ. ಲ್ಯಾಂಥನಮ್ ಕಾರ್ಬೊನೇಟಿನ ಮಾತ್ರೆಯನ್ನು ಚೆನ್ನಾಗಿ ಜಗಿಯಬೇಕು. ಹೊಟ್ಟೆಯ ಎಕ್ಸ್‌-ರೇಯಲ್ಲಿ ಅದು ಬೆಳ್ಳಗೆ ಕಾಣುವುದರಿಂದ ಚಿತ್ರ ಓದುವವರಿಗೆ ಗೊಂದಲವಾಗುವುದುಂಟು. ಕಬ್ಬಿಣದ ಬಂಧಕಗಳಲ್ಲಿ ಫೆರಿಕ್ ಸಿಟ್ರೇಟಿನ ಕಬ್ಬಿಣ ಸ್ವಲ್ಪ ಹೀರಿಕೆಯಾಗಿ ರಕ್ತಹೀನತೆಗೆ ನೆರವಾಗುತ್ತದೆ, ಆದ್ದರಿಂದ ದೇಹದ ಕಬ್ಬಿಣದ ಸಂಗ್ರಹವನ್ನು ಸೂಚಿಸುವ ಫೆರಿಟಿನ್ ಮೇಲೆ ಕಣ್ಣಿಡಬೇಕು. ಸುಕ್ರೋಫೆರಿಕ್ ಆಕ್ಸಿಹೈಡ್ರಾಕ್ಸೈಡಿನಿಂದ ಹೀರಿಕೆಯಾಗುವ ಕಬ್ಬಿಣ ಅತ್ಯಲ್ಪ.

ಟೆನಾಪನಾರ್ ಬಂಧಕವಲ್ಲ. ಅದು ಕರುಳಿನ ಎನ್‌ಎಚ್‌ಇ3 ಸೋಡಿಯಂ ವಾಹಕವನ್ನು ತಡೆದು, ಜೀವಕೋಶಗಳ ನಡುವಿನ ಸಂದಿಗಳ ಮೂಲಕ ಫಾಸ್ಫೇಟ್ ನುಸುಳುವುದನ್ನು ಕಡಿಮೆ ಮಾಡುತ್ತದೆ. ಅಮೆರಿಕದಲ್ಲಿ 2023ರಲ್ಲಿ, ಡಯಾಲಿಸಿಸ್‌ನಲ್ಲಿರುವ ವಯಸ್ಕರಿಗೆ ಬಂಧಕಗಳು ಸಾಲದಿದ್ದಾಗ ಅಥವಾ ಒಗ್ಗದಿದ್ದಾಗ ಬಳಸಲು ಇದಕ್ಕೆ ಅನುಮತಿ ದೊರೆಯಿತು. ಭೇದಿ ಇದರ ಮುಖ್ಯ ಅಡ್ಡಪರಿಣಾಮವಾದ್ದರಿಂದ, ಡಯಾಲಿಸಿಸ್‌ಗೆ ತುಸು ಮೊದಲು ಇದನ್ನು ಸೇವಿಸದೆ ಮುಂದಿನ ಊಟಕ್ಕೆ ಕಾಯಬೇಕೆಂದು ಸೂಚಿಸಲಾಗಿದೆ.