ಹದಿಮೂರನೆಯ ತಿಂಗಳ ಸಂಬಳ: ಹಬ್ಬದ ಇನಾಮಿನ ಹಿನ್ನೆಲೆ

ಆಯುಧಪೂಜೆ ಮುಗಿದು ದೀಪಾವಳಿ ಬರುವ ತನಕದ ಮೂರು ವಾರಗಳಲ್ಲಿ ಬೆಂಗಳೂರಿನ ಒಂದು ಸಾಧಾರಣ ಮನೆಯ ಬಾಗಿಲಿಗೆ ಹಬ್ಬದ ಇನಾಮು ಕೇಳಿಕೊಂಡು ಬರುವವರ ಸಂಖ್ಯೆ ಸಣ್ಣದಲ್ಲ. ಕಸದ ಆಟೊದವರು, ಬೀದಿ ಗುಡಿಸುವ ಪೌರಕಾರ್ಮಿಕರು, ಅಂಚೆಯವರು, ಲೈನ್‌ಮನ್, ಗ್ಯಾಸ್ ಸಿಲಿಂಡರ್ ಹೊತ್ತು ತರುವವರು, ಪೇಪರ್ ಹಾಕುವ ಹುಡುಗ, ಅಪಾರ್ಟ್‌ಮೆಂಟ್ ಆದರೆ ಸೆಕ್ಯೂರಿಟಿಯವರು. ಇವರೆಲ್ಲರ ಜೊತೆಗೆ ವರ್ಷವಿಡೀ ಮನೆಯೊಳಗೇ ಓಡಾಡುವ ಮನೆಗೆಲಸದಾಕೆ. ಯಾರಿಗೆ ಎಷ್ಟು ಕೊಡಬೇಕು, ಕೊಡಲೇಬೇಕೇ ಎಂಬ ಮಾತು ಬಂದಾಗ ಒಬ್ಬರು ಅದನ್ನು ಪ್ರೀತಿಯ ಕಾಣಿಕೆ ಎನ್ನುತ್ತಾರೆ, ಇನ್ನೊಬ್ಬರು ದುಡಿದವರ ಹಕ್ಕು ಎನ್ನುತ್ತಾರೆ, ಮತ್ತೊಬ್ಬರು ನಯವಾದ ಲಂಚ ಎನ್ನುತ್ತಾರೆ. ಮೂರು ಮಾತಿಗೂ ಆಧಾರವಿದೆ. ಬೇರೆ ಬೇರೆ ಕಡೆ ಹುಟ್ಟಿದ ಮೂರು ವಾಡಿಕೆಗಳು ಬಂದು ಈ ಒಂದೇ ಹೊಸ್ತಿಲಲ್ಲಿ ನಿಂತಿರುವುದರಿಂದ ಗೊಂದಲವಾಗಿದೆ.

ಅತ್ಯಂತ ಹಳೆಯದು ಹಳ್ಳಿಯ ಆಯ, ಅಂದರೆ ಊರಿನ ಕೆಲಸ ಮಾಡುವವರಿಗೆ ಬೆಳೆಯಲ್ಲಿ ಸಲ್ಲುವ ಪಾಲು. ಹನ್ನೆರಡು ಆಯಗಾರರೆಂದು ಕರೆಸಿಕೊಂಡ ಬಡಗಿ, ಕಮ್ಮಾರ, ಅಗಸ, ಕುಂಬಾರ, ಕ್ಷೌರಿಕ, ನೀರುಗಂಟಿ, ತೋಟಿ, ತಳವಾರ ಮೊದಲಾದವರಿಗೆ ತಿಂಗಳ ಸಂಬಳವೆಂಬುದಿರಲಿಲ್ಲ. ಸುಗ್ಗಿಯಲ್ಲಿ ಕಣದಿಂದಲೇ ಕಾಳು ಅಳೆದುಕೊಡುತ್ತಿದ್ದರು, ಹಬ್ಬ ಹುಣ್ಣಿಮೆಗಳಲ್ಲಿ ಅಡುಗೆ, ಬಟ್ಟೆ ಸಲ್ಲುತ್ತಿದ್ದವು. ಆ ವ್ಯವಸ್ಥೆಯನ್ನು ಈಗ ನೆನೆದು ಹೊಗಳುವವರಿದ್ದಾರೆ. ಆದರೆ ಅದು ಜಾತಿಗೆ ಕಟ್ಟಿಹಾಕಿದ ದುಡಿಮೆಯಾಗಿತ್ತು, ಕಡಿಮೆ ಅಳೆದರೆಂದು ಬಿಟ್ಟು ಹೋಗಲು ಬೇರೆ ದಾರಿ ಇರಲಿಲ್ಲ ಎಂಬುದನ್ನೂ ಜೊತೆಗೇ ನೆನೆಯಬೇಕಾಗುತ್ತದೆ. 1961ರ ಕರ್ನಾಟಕ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ಕೊನೆಗಾಣಿಸಿತು; ಕಣದ ಆಯ ಅದಕ್ಕೂ ಮೊದಲೇ ಸೊರಗತೊಡಗಿತ್ತು. ಹಬ್ಬದ ದಿನ ಕೆಲಸದವರಿಗೆ ಬಟ್ಟೆ, ಸಿಹಿ ಕೊಡುವ ರೂಢಿ ಮಾತ್ರ ಊರಿನಿಂದ ಪೇಟೆಗೆ ನಡೆದು ಬಂತು.

ಎರಡನೆಯದಾದ ಇನಾಮು, ಮಾಮೂಲಿನ ಕಥೆ ಆ ಪದಗಳಲ್ಲೇ ಇದೆ. ಇನಾಮು ಎಂದರೆ ಒಂದು ಕಾಲಕ್ಕೆ ಅರಸರು ಬಿಟ್ಟುಕೊಟ್ಟ ಭೂಮಿ. ಮೈಸೂರು ಸರ್ಕಾರ 1954ರಲ್ಲಿ ಇನಾಂ ರದ್ದಿಯಾತಿ ಕಾಯ್ದೆ ತಂದದ್ದು ಆ ಅರ್ಥದ ಇನಾಮಿಗೆ. ಎಕರೆಗಟ್ಟಲೆ ನೆಲವನ್ನು ಸೂಚಿಸುತ್ತಿದ್ದ ಪದ ಇವತ್ತು ನೂರರ ಒಂದು ನೋಟಿನಷ್ಟಕ್ಕೆ ಇಳಿದಿದೆ. ಮಾಮೂಲು ಎಂಬುದೂ ಹಾಗೆಯೇ: ವಾಡಿಕೆಯಂತೆ ಸಲ್ಲತಕ್ಕದ್ದು ಎಂಬ ಅರ್ಥದಿಂದ ಹೊರಟು, ‘ಮಾಮೂಲು ಕೊಟ್ಟೆಯಾ’ ಎಂದರೆ ಲಂಚ ಎಂದೇ ತಿಳಿಯುವಲ್ಲಿಗೆ ಬಂದು ನಿಂತಿದೆ. ಮುಂದಿನ ವರ್ಷ ಕೆಲಸ ಸುಗಮವಾಗಲೆಂದು ಕೊಡುವ ಹಣಕ್ಕೂ ಕಳೆದ ವರ್ಷದ ದುಡಿಮೆಗೆ ಕೊಡುವ ಹಣಕ್ಕೂ ನಡುವಿನ ಗೆರೆ ಹಬ್ಬದ ದಿನ ಮಸುಕಾಗುವುದು ಇದರಿಂದಲೇ.

ಮೂರನೆಯದು ಬೋನಸ್. ಇಡೀ ಚರ್ಚೆಗೆ ಕೀಲಿಕೈ ಇದೇ ಆದ್ದರಿಂದ ಇದನ್ನು ತುಸು ನಿಧಾನವಾಗಿ ನೋಡಬೇಕು.

ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಬೊಂಬಾಯಿಯ ಬಟ್ಟೆ ಗಿರಣಿಗಳು ಲಾಭದಲ್ಲಿದ್ದಾಗ ಬೆಲೆಯೇರಿಕೆಯಿಂದ ಕಂಗೆಟ್ಟ ಕಾರ್ಮಿಕರಿಗೆ ಸಂಬಳದ ಶೇ 10ರಷ್ಟು ‘ಯುದ್ಧ ಬೋನಸ್’ ಕೊಟ್ಟವು, ಮರುವರ್ಷ ಅದು ಶೇ 15ಕ್ಕೆ ಏರಿತು, ಯುದ್ಧ ಮುಗಿದ ಮೇಲೂ ಕೆಲವು ವರ್ಷ ಒಂದು ತಿಂಗಳ ಸಂಬಳದಷ್ಟು ಹಣ ಸಲ್ಲುತ್ತಿತ್ತು. 1923ರಲ್ಲಿ ಲಾಭ ಕುಸಿಯಿತೆಂದು ಮಾಲೀಕರು ಅದನ್ನು ನಿಲ್ಲಿಸಿದಾಗ, 1924ರ ಆರಂಭದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಗಿರಣಿಯಿಂದ ಹೊರಬಂದರು. ವಿಚಾರಣೆಗೆ ನೇಮಕವಾದದ್ದು ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ನಾರ್ಮನ್ ಮೆಕ್ಲಿಯಾಡ್ ಅವರ ಸಮಿತಿ. ವರ್ಷಾವಧಿ ಬೋನಸ್ಸಿನ ಮೇಲೆ ಕಾರ್ಮಿಕರಿಗೆ ವಾಡಿಕೆಯ, ಕಾನೂನಿನ ಅಥವಾ ನ್ಯಾಯದ ಯಾವ ಹಕ್ಕೂ ಇಲ್ಲವೆಂದು ಅದು ತೀರ್ಮಾನಿಸಿತು. ಕೊಟ್ಟದ್ದು ಮಾಲೀಕರ ದೊಡ್ಡತನ, ನಿಲ್ಲಿಸಿದ್ದೂ ಅವರ ಇಷ್ಟ ಎಂದಾಯಿತು. ಮನೆಯ ಹೊಸ್ತಿಲಲ್ಲಿ ಇಂದಿಗೂ ಕೇಳಿಬರುವ ವಾದ ಅದೇ.

ಕಾರ್ಖಾನೆಗಳ ಮಟ್ಟಿಗೆ ಆ ವಾದ ಹೆಚ್ಚು ಕಾಲ ಬಾಳಲಿಲ್ಲ. 1950ರಲ್ಲಿ ಕಾರ್ಮಿಕ ಮೇಲ್ಮನವಿ ನ್ಯಾಯಮಂಡಳಿ ಒಂದು ಸೂತ್ರ ರೂಪಿಸಿ, ಸವಕಳಿ, ಯಂತ್ರಗಳ ನವೀಕರಣ, ತೆರಿಗೆ ಮತ್ತು ಬಂಡವಾಳದ ಮೇಲಿನ ಪ್ರತಿಫಲಗಳನ್ನು ಕಳೆದ ನಂತರ ಉಳಿಯುವ ಲಾಭದಲ್ಲಿ ಕಾರ್ಮಿಕರಿಗೂ ಪಾಲಿದೆ ಎಂದಿತು. ಬಂಗಾಳದಲ್ಲಿ ದುರ್ಗಾಪೂಜೆಗೆ ಕೊಡುತ್ತಿದ್ದ ಪೂಜಾ ಬೋನಸ್ಸಿನ ವ್ಯಾಜ್ಯವೊಂದರಲ್ಲಿ 1959ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ವಾರಸ್ಯದ ಮಾತು ಹೇಳಿತು: ದೀರ್ಘಕಾಲ, ತಪ್ಪದೆ, ಒಂದೇ ದರದಲ್ಲಿ, ನಷ್ಟದ ವರ್ಷದಲ್ಲೂ ಕೊಡುತ್ತ ಬಂದಿದ್ದರೆ ಅದು ವಾಡಿಕೆಯ ಹಕ್ಕಾಗಿಬಿಡುತ್ತದೆ. ಅಭ್ಯಾಸವು ಹೊಣೆಯಾಗುವ ಬಗೆಯನ್ನು ಇಷ್ಟು ಬಿಡಿಸಿ ಹೇಳಿದ್ದು ಅಪರೂಪ.

ಎಂ.ಆರ್. ಮೆಹರ್ ಅಧ್ಯಕ್ಷತೆಯ ಬೋನಸ್ ಆಯೋಗದ ವರದಿಯ ಬೆನ್ನಿಗೇ 1965ರಲ್ಲಿ ಬೋನಸ್ ಪಾವತಿ ಕಾಯ್ದೆ ಬಂತು. ಮೊದಲಿಗೆ ಶೇ 4ರಷ್ಟಿದ್ದ ಕನಿಷ್ಠ ಬೋನಸ್ 1972ರಲ್ಲಿ ಶೇ 8.33ಕ್ಕೆ ಏರಿತು, ತುರ್ತುಪರಿಸ್ಥಿತಿಯಲ್ಲಿ ಇಳಿದು 1977ರಲ್ಲಿ ಮತ್ತೆ ಅಲ್ಲಿಗೇ ಬಂತು. ಈ ವಿಚಿತ್ರ ಸಂಖ್ಯೆಯ ಗುಟ್ಟು ಸರಳ: ನೂರನ್ನು ಹನ್ನೆರಡರಿಂದ ಭಾಗಿಸಿದರೆ 8.33. ಅಂದರೆ ಅದು ವರ್ಷಕ್ಕೊಂದು ಹೆಚ್ಚುವರಿ ತಿಂಗಳ ಸಂಬಳ. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಕೊಡಬೇಕೆಂಬ ನಿಯಮವಿರುವುದರಿಂದ ಮಾರ್ಚಿಗೆ ಪುಸ್ತಕ ಮುಚ್ಚುವ ಸಂಸ್ಥೆಗಳಿಗೆ ನವೆಂಬರ್ ಕೊನೆಯೇ ಗಡುವು, ಅದಕ್ಕೆ ಮುಂಚೆ ದೀಪಾವಳಿ. ಪೂಜಾ ಬೋನಸ್ ಎಂದು ಮೊದಲೇ ಕೊಟ್ಟಿದ್ದರೆ ಅದನ್ನು ಕಳೆದುಕೊಂಡು ಉಳಿದದ್ದನ್ನು ಕೊಡಬಹುದೆಂದು ಕಾಯ್ದೆಯ 17ನೆಯ ಕಲಮು ಹೇಳಿತು. ಹಬ್ಬದ ಇನಾಮು ಹೀಗೆ ಕಾನೂನಿನ ಪುಸ್ತಕದೊಳಗೆ ಬಂದು ಕುಳಿತಿತು. 2015ರ ತಿದ್ದುಪಡಿ ತಿಂಗಳಿಗೆ ₹21,000ವರೆಗೆ ದುಡಿಯುವವರನ್ನು ಇದರ ವ್ಯಾಪ್ತಿಗೆ ತಂದಿತು. 2019ರ ವೇತನ ಸಂಹಿತೆ ಈ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ.

ಬೆಂಗಳೂರಿನ ಕಾರ್ಖಾನೆಗಳಲ್ಲಿ ಬೋನಸ್ಸೂ ಆಯುಧಪೂಜೆಯೂ ಜೊತೆಜೊತೆಯಾಗಿ ಬಂದವು. ಯಂತ್ರಗಳನ್ನು ತೊಳೆದು ಕುಂಕುಮವಿಟ್ಟು ಬೂದುಗುಂಬಳ ಒಡೆದ ಮೇಲೆ ಕಡ್ಲೆಪುರಿ, ಸಿಹಿಯ ಪೊಟ್ಟಣ ಕೈಗೆ. ಬೋನಸ್ಸಿನ ಮೊತ್ತ ಮಾತ್ರ ಯೂನಿಯನ್ ಮಾತುಕತೆಯಲ್ಲಿ ತೀರ್ಮಾನವಾಗಿರುತ್ತಿತ್ತು. ಪೊಟ್ಟಣ ಬೇರೆ, ಮೊತ್ತ ಬೇರೆ ಎಂಬುದು ಅಲ್ಲಿ ಎಲ್ಲರಿಗೂ ಸ್ಪಷ್ಟವಿತ್ತು. ಹಾಗೆ ಬೋನಸ್ ತಂದು ಹಬ್ಬ ಮಾಡಿದ ಮನೆಗಳಲ್ಲೇ ಪಾತ್ರೆ ತೊಳೆಯುತ್ತಿದ್ದವರಿಗೆ ಪೊಟ್ಟಣ ಮಾತ್ರ ಸಿಕ್ಕಿತು, ಜೊತೆಗೊಂದು ಸೀರೆ. ಕೆಲವೊಮ್ಮೆ ಹೊಸದು, ಹಲವೊಮ್ಮೆ ಯಾರೋ ಮಡಿಲಿಗೆ ಹಾಕಿದ್ದು.

ಕಾರಣ ಕಾನೂನಿನ ಅಳತೆಗೋಲಿನಲ್ಲಿದೆ. ಇಪ್ಪತ್ತು ಮತ್ತು ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗಷ್ಟೇ ಬೋನಸ್ ಕಡ್ಡಾಯ. ಒಬ್ಬ ಹೆಂಗಸು ದಿನಕ್ಕೆ ಐದು ಮನೆಗಳಲ್ಲಿ ದುಡಿದರೂ ಆ ಐದರಲ್ಲಿ ಒಂದೂ ಸಂಸ್ಥೆಯಲ್ಲ. ಈ ಕೊರತೆಯನ್ನು ಮೊದಲು ಗಟ್ಟಿಯಾಗಿ ಎತ್ತಿದ್ದು ಪುಣೆಯ ಮನೆಗೆಲಸದವರು. 1980ರಲ್ಲಿ ಅಲ್ಲಿ ನಡೆದ ಮುಷ್ಕರದಿಂದ ಮೂಡಿದ ಸಂಘಟನೆ ವಾರದ ರಜೆಯ ಬೇಡಿಕೆಯ ಪಕ್ಕದಲ್ಲೇ ದೀಪಾವಳಿಗೆ ಒಂದು ತಿಂಗಳ ಸಂಬಳವನ್ನೂ ಇಟ್ಟಿತು. ಕರ್ನಾಟಕ 2004ರಲ್ಲಿ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿ ಅನೇಕ ರಾಜ್ಯಗಳಿಗಿಂತ ಮುಂದಿತ್ತು. ಆದರೆ ಬೋನಸ್ಸು ಕನಿಷ್ಠ ವೇತನದ ಮಾತಲ್ಲ. ಬೆಂಗಳೂರಿನ ಮನೆಗೆಲಸದವರ ಸಂಘಗಳು ಹಬ್ಬಕ್ಕೆ ಕೇಳುವುದೂ ಒಂದು ತಿಂಗಳ ಸಂಬಳವನ್ನೇ. ಅದನ್ನು ದುರಾಸೆ ಎನ್ನುವವರು ತಮ್ಮದೇ ಸಂಬಳದ ಚೀಟಿಯಲ್ಲಿನ ಶೇ 8.33ನ್ನು ಒಮ್ಮೆ ಬಿಡಿಸಿ ನೋಡಬಹುದು.

ಅಪಾರ್ಟ್‌ಮೆಂಟುಗಳು ಬಂದ ಮೇಲೆ ಇನ್ನೊಂದು ಗಂಟು ಬಿತ್ತು. ಸೆಕ್ಯೂರಿಟಿ ಮತ್ತು ಸ್ವಚ್ಛತೆಯ ಏಜೆನ್ಸಿಗಳು ನೂರಾರು ಜನರನ್ನು ಇಟ್ಟುಕೊಂಡಿರುವುದರಿಂದ ಅವು ಬೋನಸ್ಸಿನ ನಿಯಮದೊಳಗೇ ಬರುತ್ತವೆ, ಅವು ಕೊಡುವ ದರಪಟ್ಟಿಯಲ್ಲಿ ಪಿಎಫ್, ಇಎಸ್‌ಐ ಸಾಲುಗಳ ಕೆಳಗೆ ಬೋನಸ್ಸಿನ ಸಾಲೂ ಇರುತ್ತದೆ. ನಿವಾಸಿಗಳು ಅದನ್ನು ನಿರ್ವಹಣಾ ಶುಲ್ಕದಲ್ಲಿ ತಿಂಗಳು ತಿಂಗಳೂ ಕಟ್ಟುತ್ತಾರೆ. ಆ ಹಣ ಗೇಟಿನಲ್ಲಿ ನಿಂತವರ ಕೈ ಸೇರಿತೇ ಎಂದು ವಿಚಾರಿಸುವವರು ವಿರಳ. ಬದಲಿಗೆ ದೀಪಾವಳಿಗೆ ಮನೆಗಿಷ್ಟು ಎಂದು ಸಂಘ ಚಂದಾ ಎತ್ತಿ ಸಮವಾಗಿ ಹಂಚುತ್ತದೆ. ಇದು ಅಚ್ಚುಕಟ್ಟಾದ ಏರ್ಪಾಡೇ ಸರಿ, ಯಾರೂ ಬಾಗಿಲು ಬಾಗಿಲಿಗೆ ಕೈಚಾಚಬೇಕಿಲ್ಲ. ಆದರೆ ‘ಇನಾಮು ಸಂಘದಿಂದಲೇ ಕೊಟ್ಟಾಯಿತು’ ಎಂಬ ಸಮಾಧಾನ ಸಂಘದ ಪಟ್ಟಿಯಲ್ಲಿಲ್ಲದ ಮನೆಗೆಲಸದವರ ವಿಷಯಕ್ಕೂ ಮೆಲ್ಲನೆ ಹರಡುವುದನ್ನು ಕಾಣುತ್ತೇವೆ.

ಊಟ ತಂದುಕೊಡುವ ಹುಡುಗರಿಗೆ ಈಗ ಆ್ಯಪಿನಲ್ಲೇ ಟಿಪ್ ಕೊಡಬಹುದು. ಅವರು ನೌಕರರಲ್ಲ, ಪಾಲುದಾರರು ಎನ್ನಿಸಿಕೊಂಡವರಾದ್ದರಿಂದ ಬೋನಸ್ಸಿನ ಪ್ರಶ್ನೆಯೇ ಏಳುವುದಿಲ್ಲ; 2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ ಕಲ್ಯಾಣ ನಿಧಿಗೆ ಶುಲ್ಕ ವಿಧಿಸುತ್ತದೆ, ಹಬ್ಬದ ಮಾತು ಅದರಲ್ಲಿಲ್ಲ.

ಮನೆಗೆಲಸದವರಿಗೆ ಪ್ರತ್ಯೇಕ ಕಾನೂನು ಬೇಕೇ ಎಂಬುದನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಸೂಚಿಸಿತು. ಅಂಥ ಕಾನೂನು ಬರುವತನಕ ಲೆಕ್ಕ ಅಡುಗೆಮನೆಯ ಬಾಗಿಲಲ್ಲೇ ಆಗಬೇಕು. ‘ಅಕ್ಕ, ಹಬ್ಬಕ್ಕೆ ಏನ್ ಕೊಡ್ತೀರ?’ ಎಂದು ಕೇಳುವವರು ದಸರೆಗೆ ಮುಂಚೆಯೇ ಕೇಳತೊಡಗಿದ್ದಾರೆ; ಕೊಡುವವರು ಪಕ್ಕದ ಮನೆಯಲ್ಲಿ ಎಷ್ಟೆಂದು ತಿಳಿದ ಮೇಲೆ ಹೇಳುತ್ತೇನೆ ಎನ್ನುತ್ತಾರೆ.