ಪ್ರೊಪೆಲ್ಲರ್ ಕೊನೆಗೆ: ಮೊದಲ 5 ಇಂಚಿನ ಎಫ್‌ಪಿವಿ ಡ್ರೋನ್ ಕಟ್ಟುವವರಿಗೆ ಟಿಪ್ಪಣಿ

ಪುಣೆಯಲ್ಲಿ ಮೊದಲ ಡ್ರೋನ್ ಕಟ್ಟಲು ಕೂತಿರುವ ಕನ್ನಡದ ಗೆಳೆಯರಿಗಾಗಿ ಈ ಟಿಪ್ಪಣಿ. ಎಫ್‌ಪಿವಿ ಎಂದರೆ ಡ್ರೋನಿನ ಕ್ಯಾಮೆರಾ ಕಾಣುವುದನ್ನು ಗಾಗಲ್ಸಿನಲ್ಲಿ ನೋಡುತ್ತ ಹಾರಿಸುವುದು; 5 ಇಂಚು ಎಂಬುದು ಪ್ರೊಪೆಲ್ಲರಿನ ಅಳತೆ. ನೆನಪಿಡಬೇಕಾದ ಮಾತು ಒಂದೇ: ಪ್ರೊಪೆಲ್ಲರ್ ಹಾಕುವುದು ಕಟ್ಟಕಡೆಯ ಕೆಲಸ. ಹೊಸ ಡ್ರೋನಿನ ಬಹುಪಾಲು ದೋಷಗಳು ಮೇಜಿನ ಮೇಲೆಯೇ, ಪ್ರೊಪೆಲ್ಲರ್ ಇಲ್ಲದೆಯೇ ಸಿಕ್ಕಿಬೀಳುತ್ತವೆ. ಅಲ್ಲಿ ಹಿಡಿಯದೆ ಮೈದಾನಕ್ಕೆ ಹೋದರೆ ಬೋರ್ಡ್ ಸುಡುತ್ತದೆ, ಇಲ್ಲವೇ ಬೆರಳು ಸೀಳುತ್ತದೆ.

ಮೊದಲು ವೋಲ್ಟೇಜ್, ಆಮೇಲೆ ಮೋಟರ್

ಅಂಗಡಿಗೆ ಹೋಗುವ ಮುಂಚೆ ಬ್ಯಾಟರಿ 4ಎಸ್ ಬೇಕೋ 6ಎಸ್ ಬೇಕೋ, ಅಂದರೆ ಸಾಲಾಗಿ ಜೋಡಿಸಿದ ನಾಲ್ಕು ಸೆಲ್ಲಿನದೋ ಆರು ಸೆಲ್ಲಿನದೋ, ತೀರ್ಮಾನಿಸಿ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ಮೋಟರಿನ ಕೆವಿ ಎಂದರೆ ಹೊರೆ ಇಲ್ಲದಾಗ ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. ತುಂಬಿದ 4ಎಸ್ ಬ್ಯಾಟರಿ 16.8 ವೋಲ್ಟ್, 2450 ಕೆವಿ ಮೋಟರಿಗೆ ಸುಮಾರು 41,000 ಸುತ್ತು ಬರುತ್ತದೆ. ತುಂಬಿದ 6ಎಸ್ 25.2 ವೋಲ್ಟ್, 1750 ಕೆವಿಗೆ ಸುಮಾರು 44,000, 1950 ಕೆವಿಗೆ 49,000. ಅದೇ 2450 ಕೆವಿ ಮೋಟರನ್ನು 6ಎಸ್‌ಗೆ ಜೋಡಿಸಿದರೆ 61,000 ದಾಟುತ್ತದೆ. ಕರೆಂಟ್ ವಿಪರೀತ ಏರಿ ಮೋಟರಿನ ಸುರುಳಿಯೋ ಅದರ ವೇಗ ನಿಯಂತ್ರಿಸುವ ಇಎಸ್‌ಸಿ ಬೋರ್ಡೋ ಸುಟ್ಟುಹೋಗುತ್ತದೆ. ಹಳೆಯ 4ಎಸ್ ಡ್ರೋನನ್ನು ಬ್ಯಾಟರಿ ಮಾತ್ರ ಬದಲಿಸಿ 6ಎಸ್ ಮಾಡಲು ಹೊರಡುವವರು ಎಡವುವುದು ಇಲ್ಲೇ.

ಈಗ ಹೊಸದಾಗಿ ಕಟ್ಟುವವರಿಗೆ 6ಎಸ್ ಒಳ್ಳೆಯದು. ಅದೇ ಶಕ್ತಿಗೆ ಕಡಿಮೆ ಕರೆಂಟ್ ಸಾಕಾಗುವುದರಿಂದ ವೋಲ್ಟೇಜ್ ಕುಸಿತವೂ ಕಡಿಮೆ. ರೂಢಿಯ ಜೋಡಣೆ ಹೀಗಿದೆ: 2207 ಗಾತ್ರದ (ಒಳಗಿನ ಸುರುಳಿಭಾಗ 22 ಮಿಲಿಮೀಟರ್ ಅಗಲ, 7 ಎತ್ತರ), 1750ರಿಂದ 1950 ಕೆವಿಯ ನಾಲ್ಕು ಮೋಟರ್, ಸ್ಕ್ರೂ ರಂಧ್ರಗಳ ನಡುವೆ 30.5 ಮಿಲಿಮೀಟರ್ ಅಂತರವಿರುವ ಫ್ಲೈಟ್ ಕಂಟ್ರೋಲರ್ (ಡ್ರೋನಿನ ಮಿದುಳಿನಂಥ ಬೋರ್ಡ್), ಅದೇ ಅಳತೆಯ 45 ಅಥವಾ 55 ಆಂಪ್‌ನ ಫೋರ್-ಇನ್-ಒನ್ ಇಎಸ್‌ಸಿ, ಎಕ್ಸ್‌ಟಿ60 ಕನೆಕ್ಟರ್, 1100ರಿಂದ 1300 ಎಂಎಎಚ್ ಬ್ಯಾಟರಿ. ಎಲ್ಲ ಸೇರಿ 650ರಿಂದ 750 ಗ್ರಾಂ ತೂಗುತ್ತದೆ.

ಇಎಸ್‌ಸಿ ಕೊಳ್ಳುವಾಗ ಅದರ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಯಾವುದೆಂದು ಕೇಳಿ. ಬಿಎಲ್‌ಹೆಲಿ32 ಎಂಬ ಫರ್ಮ್‌ವೇರಿನ ತಯಾರಕರು 2024ರಲ್ಲಿ ಕೆಲಸ ನಿಲ್ಲಿಸಿದರು. ಹೊಸದಕ್ಕೆ ಎಎಂ32 ಇರುವುದನ್ನು ಆರಿಸಿ. ಅದು ಮುಕ್ತ ತಂತ್ರಾಂಶ, ಅಪ್‌ಡೇಟ್ ಸಿಗುತ್ತಿರುತ್ತದೆ.

ಕೆಪಾಸಿಟರ್, ಸೀಸ ಬೆರೆತ ಬೆಸುಗೆ ತಂತಿ, ಫ್ಲಕ್ಸ್, ಹೀಟ್ ಶ್ರಿಂಕ್, ಸಿಲಿಕೋನ್ ತಂತಿಗೆಲ್ಲ ಬುಧವಾರ ಪೇಠೆಯ ತಾಪಕೀರ್ ಗಲ್ಲಿಗೆ ಹೋಗಬಹುದು. ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್ ಇದೆ. ಕೆಪಾಸಿಟರ್ ಕೇಳುವಾಗ "ಲೋ ಇಎಸ್‌ಆರ್" (ಒಳರೋಧ ಕಡಿಮೆ ಇರುವುದು) ಎಂದು ಒತ್ತಿ ಹೇಳಿ. ಸಾಮಾನ್ಯ ಕೆಪಾಸಿಟರ್ ನೋಡಲು ಹಾಗೇ ಇರುತ್ತದೆ, ಆದರೆ ಕೆಲಸ ಮಾಡುವುದಿಲ್ಲ. 6ಎಸ್‌ಗೆ 1000 ಮೈಕ್ರೋಫ್ಯಾರಡ್, ಕನಿಷ್ಠ 35 ವೋಲ್ಟ್. 50 ವೋಲ್ಟ್‌ನದು ಗಾತ್ರದಲ್ಲಿ ಸ್ವಲ್ಪ ದಪ್ಪ, ಆದರೆ ನೆಮ್ಮದಿ. ಮೋಟರ್ ತಟ್ಟನೆ ವೇಗ ಇಳಿಸಿದಾಗ ವೋಲ್ಟೇಜ್ ಕ್ಷಣಕಾಲ 25.2ಕ್ಕಿಂತ ಬಹಳ ಮೇಲೆ ಚಿಮ್ಮುತ್ತದೆ. ಅದನ್ನು ಹೀರಿಕೊಳ್ಳುವುದೇ ಕೆಪಾಸಿಟರಿನ ಕೆಲಸ. ಅದು ಇಲ್ಲದಿದ್ದರೆ ಥ್ರಾಟಲ್ ಏರಿದಂತೆಲ್ಲ ಅನಲಾಗ್ ಚಿತ್ರದಲ್ಲಿ ಗೆರೆಗಳು ಹರಿಯುತ್ತವೆ, ಡ್ರೋನ್ ಹೇಗೆ ತಿರುಗುತ್ತಿದೆ ಎಂದು ಅಳೆಯುವ ಗೈರೋ ಸಂವೇದಕದ ಓದಿನಲ್ಲಿ ಗದ್ದಲ ಸೇರುತ್ತದೆ. ಬ್ಯಾಟರಿ ತಂತಿ ಸೇರುವ ಪ್ಯಾಡ್‌ಗೇ, ಕಾಲುಗಳನ್ನು ಆದಷ್ಟು ಮೋಟು ಮಾಡಿ ಬೆಸೆಯಿರಿ.

ಬೆಸುಗೆ ಮತ್ತು ಒಂದು ಸ್ಕ್ರೂ

ಮೋಟರ್ ತಂತಿಗೆ 370 ಡಿಗ್ರಿ ಸಾಕು. ಬ್ಯಾಟರಿ ಪ್ಯಾಡ್‌ಗೆ, ಅದರಲ್ಲೂ ನೆಗೆಟಿವ್‌ಗೆ, 400ರಿಂದ 420 ಡಿಗ್ರಿ ಮತ್ತು ಅಗಲ ತುದಿ ಬೇಕು. ನೆಗೆಟಿವ್ ಪ್ಯಾಡ್ ಬೋರ್ಡಿನೊಳಗಿನ ದೊಡ್ಡ ತಾಮ್ರದ ಹಾಳೆಗೆ ಅಂಟಿರುವುದರಿಂದ ಶಾಖವನ್ನೆಲ್ಲ ನುಂಗುತ್ತದೆ. ಚೂಪು ತುದಿ ಹಿಡಿದು ನಿಮಿಷಗಟ್ಟಲೆ ಕಾಯಿಸಿದರೆ ಬೆಸುಗೆ ಹಿಡಿಯುವುದಿಲ್ಲ, ಪ್ಯಾಡೇ ಎದ್ದುಬರುತ್ತದೆ. ಪ್ಯಾಡ್‌ಗೂ ತಂತಿಗೂ ಮೊದಲೇ ಬೇರೆಬೇರೆಯಾಗಿ ತವರ ಸವರಿ, ಆಮೇಲೆ ಕೂಡಿಸಿ. ಒಳ್ಳೆಯ ಬೆಸುಗೆ ಹೊಳೆಯುತ್ತದೆ, ಪ್ಯಾಡಿನ ಅಂಚಿಗೆ ಇಳಿಜಾರಾಗಿ ಹರಡಿರುತ್ತದೆ. ಗೋಲಿಯಂತೆ ಗುಂಡಗೆ ಕೂತಿದ್ದರೆ ಒಳಗೆ ಹಿಡಿದಿಲ್ಲ ಎಂದರ್ಥ.

ಸ್ಕ್ರೂ ಉದ್ದ ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಹಾಗಲ್ಲ. ಫ್ರೇಮಿನ ತೋಳು 5 ಮಿಲಿಮೀಟರ್ ದಪ್ಪವಿದ್ದರೆ 8 ಮಿಲಿಮೀಟರಿನ ಎಂ3 ಸ್ಕ್ರೂ ಮೋಟರೊಳಗೆ 3 ಮಿಲಿಮೀಟರ್ ಹೋಗುತ್ತದೆ, ಅಷ್ಟೇ ಬೇಕು. 10ರದು ಹಾಕಿದರೆ ಅದರ ತುದಿ ತಾಮ್ರದ ಸುರುಳಿಗೆ ಒತ್ತಿ ಕವಚ ಕೆರೆಯುತ್ತದೆ, ಮೊದಲ ಥ್ರಾಟಲ್‌ಗೇ ಶಾರ್ಟ್. ಸ್ಕ್ರೂ ಹಾಕಿದ ಮೇಲೆ ಟಾರ್ಚ್ ಹಿಡಿದು ಬದಿಯಿಂದ ನೋಡಿ: ಸ್ಕ್ರೂ ತುದಿಗೂ ಸುರುಳಿಗೂ ನಡುವೆ ಬೆಳಕು ಕಾಣಬೇಕು.

ಫ್ಲೈಟ್ ಕಂಟ್ರೋಲರನ್ನು ಹೊರುವ ರಬ್ಬರ್ ಗುಂಡಿಗಳನ್ನು ಚಪ್ಪಟೆಯಾಗುವಷ್ಟು ಬಿಗಿಯಬೇಡಿ. ಬಿಗಿದರೆ ಫ್ರೇಮಿನ ನಡುಕವೆಲ್ಲ ನೇರವಾಗಿ ಗೈರೋಗೆ ಮುಟ್ಟುತ್ತದೆ.

ಮೊದಲ ಬಾರಿ ಬ್ಯಾಟರಿ

ಬ್ಯಾಟರಿ ಜೋಡಿಸುವ ಮೊದಲು ಮಲ್ಟಿಮೀಟರನ್ನು ಬೀಪ್ ಸ್ಥಾನದಲ್ಲಿಟ್ಟು ಎಕ್ಸ್‌ಟಿ60ರ ಎರಡೂ ಕಡ್ಡಿಗಳಿಗೆ ಮುಟ್ಟಿಸಿ. ಕೆಪಾಸಿಟರ್ ತುಂಬಿಕೊಳ್ಳುವಾಗ ಕ್ಷಣಕಾಲ ಬೀಪ್ ಬಂದು ನಿಲ್ಲಬಹುದು, ಅದು ಸರಿಯೇ. ಬೀಪ್ ನಿಲ್ಲದಿದ್ದರೆ ಎಲ್ಲೋ ಶಾರ್ಟ್ ಇದೆ. ಆಮೇಲೂ ನೇರವಾಗಿ ಚುಚ್ಚಬೇಡಿ. ಕರೆಂಟ್ ಮಿತಿಗೊಳಿಸುವ ಸ್ಮೋಕ್ ಸ್ಟಾಪರ್ ಮೂಲಕವೇ ಜೋಡಿಸಿ. ಕೆಲವು ನೂರು ರೂಪಾಯಿಯ ಈ ಉಪಕರಣ ಸಾವಿರಾರು ರೂಪಾಯಿಯ ಬೋರ್ಡ್ ಉಳಿಸುತ್ತದೆ. ಪಟ್ಟಿಯಿಂದ ಯಾವುದನ್ನು ಬಿಟ್ಟರೂ ಇದನ್ನು ಬಿಡಬಾರದು.

ಆಂಟೆನಾ ಹಾಕದೆ ವಿಡಿಯೊ ಟ್ರಾನ್ಸ್‌ಮಿಟರಿಗೆ ಕರೆಂಟ್ ಕೊಡಬಾರದು. ಹೊರಹೋಗಬೇಕಾದ ಶಕ್ತಿ ಹಿಂದಿರುಗಿ ಅದರ ಆಂಪ್ಲಿಫೈಯರನ್ನೇ ಸುಡಬಲ್ಲದು. ಆಂಟೆನಾ ಇದ್ದರೂ ಮೇಜಿನ ಮೇಲೆ ಗಾಳಿ ಸಿಗದೆ ಅದು ಬೇಗ ಕಾಯುತ್ತದೆ. ಸೆಟ್ಟಿಂಗ್ ಮಾಡುವಾಗ 25 ಮಿಲಿವ್ಯಾಟ್‌ನಲ್ಲಿಡಿ, ಎದುರಿಗೆ ಟೇಬಲ್ ಫ್ಯಾನ್ ಹಾಕಿ.

ಬೀಟಾಫ್ಲೈಟ್‌ನಲ್ಲಿ ನೋಡಬೇಕಾದದ್ದು

ಬೀಟಾಫ್ಲೈಟ್ ಎಂದರೆ ಫ್ಲೈಟ್ ಕಂಟ್ರೋಲರಿನ ತಂತ್ರಾಂಶ; ಅದರ ಸೆಟ್ಟಿಂಗ್‌ಗಳನ್ನು ಕಂಪ್ಯೂಟರಿನಲ್ಲಿ ನೋಡಿ ಬದಲಿಸಬಹುದು. ಫರ್ಮ್‌ವೇರ್ ಬದಲಿಸುವ ಮುನ್ನ ಹಳೆಯ ಸೆಟ್ಟಿಂಗ್ ಉಳಿಸಿಕೊಳ್ಳಿ. ಆಮೇಲೆ ಮೊದಲ ಪುಟದಲ್ಲಿ ಡ್ರೋನನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಬಾಗಿಸಿ. ಪರದೆಯ ಡ್ರೋನ್ ಕೂಡ ಮುಂದಕ್ಕೇ ಬಾಗಬೇಕು. ಬಾಗದಿದ್ದರೆ ಬೋರ್ಡಿನ ಬಾಣ ಬೇರೆ ದಿಕ್ಕಿಗಿದೆ. ಬೋರ್ಡ್ ಕೂತಿರುವ ಕೋನವನ್ನು ನಮೂದಿಸಿ.

ಮೋಟರ್ ಸಂಖ್ಯೆ ಬಾಯಿಪಾಠವಾಗಿರಲಿ: ಹಿಂದಿನ ಬಲ 1, ಮುಂದಿನ ಬಲ 2, ಹಿಂದಿನ ಎಡ 3, ಮುಂದಿನ ಎಡ 4. ಮೂಲ ಸೆಟ್ಟಿಂಗ್‌ನಲ್ಲಿ 1 ಮತ್ತು 4 ಗಡಿಯಾರದ ದಿಕ್ಕಿಗೆ, 2 ಮತ್ತು 3 ಅದರ ವಿರುದ್ಧ ತಿರುಗುತ್ತವೆ. ದಿಕ್ಕು ತಪ್ಪಿದ್ದರೆ ತಂತಿ ಬಿಚ್ಚಬೇಕಿಲ್ಲ, ಮೋಟರ್ ಪುಟದಲ್ಲೇ ತಿರುವಿಬಿಡಬಹುದು. ಯಾವುದಾದರೂ ಮೋಟರ್ ತಿರುಗದೆ ಗರಗರ ನಡುಗಿದರೆ ತಕ್ಷಣ ಬ್ಯಾಟರಿ ತೆಗೆಯಿರಿ. ಅದರ ಮೂರು ತಂತಿಗಳಲ್ಲಿ ಒಂದರ ಬೆಸುಗೆ ಹಿಡಿದಿಲ್ಲ.

ಹಾರಿಸಿದ ಕ್ಷಣವೇ ಡ್ರೋನ್ ಮಗುಚಿಬಿದ್ದರೆ ಪಿಐಡಿ (ಡ್ರೋನ್ ತನ್ನನ್ನು ಎಷ್ಟು ಬಲವಾಗಿ ತಿದ್ದಿಕೊಳ್ಳಬೇಕೆಂದು ಹೇಳುವ ಪಿ, ಐ, ಡಿ ಮೌಲ್ಯಗಳು) ಮುಟ್ಟಬೇಡಿ. ಅದಕ್ಕೆ ಬಹುತೇಕ ಯಾವಾಗಲೂ ನಾಲ್ಕರಲ್ಲಿ ಒಂದು ಕಾರಣ: ಮೋಟರ್ ಸಂಖ್ಯೆ ಅದಲುಬದಲು, ತಿರುಗುವ ದಿಕ್ಕು ತಪ್ಪು, ಪ್ರೊಪೆಲ್ಲರ್ ತಲೆಕೆಳಗು ಅಥವಾ ತಪ್ಪು ಮೂಲೆಯಲ್ಲಿದೆ, ಬೋರ್ಡಿನ ಕೋನ ತಪ್ಪು.

ದ್ವಿಮುಖ ಡಿಶಾಟ್ (ಇಎಸ್‌ಸಿ ಮೋಟರಿನ ವೇಗವನ್ನು ಬೋರ್ಡಿಗೆ ಮರಳಿ ತಿಳಿಸುವ ಸಂಕೇತ) ಆನ್ ಮಾಡಿ, ಆ ವೇಗಕ್ಕೆ ತಕ್ಕಂತೆ ಮೋಟರಿನ ನಡುಕವನ್ನು ಗೈರೋ ಓದಿನಿಂದ ತೆಗೆಯುವ ಆರ್‌ಪಿಎಂ ಫಿಲ್ಟರ್ ಬಳಸಿ. ಇದಕ್ಕೆ ಮೋಟರಿನ ಅಯಸ್ಕಾಂತಗಳ ಸಂಖ್ಯೆ ನಮೂದಿಸಬೇಕು. 5 ಇಂಚಿನ ಮೋಟರುಗಳಲ್ಲಿ ಸಾಮಾನ್ಯವಾಗಿ 14 ಅಯಸ್ಕಾಂತ. ವೂಪ್ ಎಂಬ ಅಂಗೈಯಗಲದ ಡ್ರೋನಿನ ಮೋಟರಿನಲ್ಲಿ 12. ಈ ಸಂಖ್ಯೆ ತಪ್ಪಾದರೆ ಫಿಲ್ಟರ್ ಬೇರೆಯದೇ ಕಂಪನಾಂಕ ಕತ್ತರಿಸುತ್ತದೆ, ಮೋಟರ್ ಬಿಸಿಯಾಗುತ್ತದೆ.

ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ (ಕೈಯಲ್ಲಿನ ರೇಡಿಯೊ ಮತ್ತು ಡ್ರೋನ್ ನಡುವಿನ ನಿಯಂತ್ರಣ ಸಂಪರ್ಕ) ರಿಸೀವರ್ ಜೋಡಿಯಾಗದಿದ್ದರೆ ಎರಡೂ ಕಡೆ ಕೊಟ್ಟ ಬೈಂಡಿಂಗ್ ಪದ ಸರಿಯಿದೆಯೇ ನೋಡಿ, ಆಮೇಲೆ ಎರಡೂ ಕಡೆ ಫರ್ಮ್‌ವೇರಿನ ಮುಖ್ಯ ಆವೃತ್ತಿ ಒಂದೇ ಇದೆಯೇ ನೋಡಿ. 3 ಮತ್ತು 4 ಒಂದಕ್ಕೊಂದು ಮಾತಾಡುವುದಿಲ್ಲ. ಲಿಂಕ್ ಬಂದ ಮೇಲೆ ಫೇಲ್‌ಸೇಫ್ ಪರೀಕ್ಷೆ: ಪ್ರೊಪೆಲ್ಲರ್ ಇಲ್ಲದೆ ಆರ್ಮ್ ಮಾಡಿ (ಮೋಟರುಗಳನ್ನು ಚಾಲೂ ಮಾಡಿ), ರೇಡಿಯೊ ಆಫ್ ಮಾಡಿ. ಮೋಟರುಗಳು ತಾವಾಗಿಯೇ ನಿಲ್ಲಬೇಕು. ನಿಲ್ಲದ ಡ್ರೋನ್ ಮನೆಯಿಂದ ಹೊರಗೆ ಹೋಗಬಾರದು.

ಚಾನೆಲ್ ಆಯ್ಕೆ

ಡ್ರೋನಿನ ವಿಡಿಯೊ ಕಳಿಸಲು ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ತರಂಗಪಟ್ಟಿ 5725ರಿಂದ 5875 ಮೆಗಾಹರ್ಟ್ಸ್ ವರೆಗೂ ಇದೆ. ರೇಸ್‌ಬ್ಯಾಂಡ್ ಎಂಬ ವಿಡಿಯೊ ಚಾನೆಲ್ ಗುಂಪಿನ ಎಂಟು ಚಾನೆಲ್‌ಗಳಲ್ಲಿ 4, 5, 6 (5769, 5806, 5843) ಇದರೊಳಗೆ ಆರಾಮಾಗಿ ಕೂರುತ್ತವೆ. 3ನೆಯದರ ನಡುಬಿಂದು 5732. ಅನಲಾಗ್ ಸಂಕೇತದ ಅಗಲದಿಂದಾಗಿ ಅದರ ಕೆಳಗಿನ ಅಂಚು ಹೊರಚೆಲ್ಲುತ್ತದೆ. ಡ್ರೋನಿನ ಮತ್ತು ಗಾಗಲ್ಸಿನ ಆಂಟೆನಾ ಎರಡೂ ಎಡಸುರುಳಿ (ಎಲ್‌ಎಚ್‌ಸಿಪಿ) ಇರಲಿ ಅಥವಾ ಎರಡೂ ಬಲಸುರುಳಿ (ಆರ್‌ಎಚ್‌ಸಿಪಿ) ಇರಲಿ. ಬೆರೆತರೆ ನೂರು ಮೀಟರಿಗೇ ಚಿತ್ರ ಕೆಡುತ್ತದೆ.

ಎಲ್ಲಿ, ಹೇಗೆ

ಮೊದಲ ಹತ್ತಿಪ್ಪತ್ತು ಗಂಟೆ ಸಿಮ್ಯುಲೇಟರಿನಲ್ಲೇ, ನಿಮ್ಮದೇ ರೇಡಿಯೊ ಜೋಡಿಸಿ, ಆಕ್ರೋ ಮೋಡ್‌ನಲ್ಲಿ (ಡ್ರೋನ್ ತಾನಾಗಿ ಸಮತಟ್ಟಾಗದ ಸ್ಥಿತಿ) ಕಳೆಯಿರಿ. ತಾನಾಗಿ ಸಮತಟ್ಟಾಗುವ ಆ್ಯಂಗಲ್ ಮೋಡ್ ಅಭ್ಯಾಸವಾದರೆ ಅದನ್ನು ಬಿಡಿಸಿಕೊಳ್ಳುವುದೇ ದೊಡ್ಡ ಕೆಲಸ.

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ದಾಟಿದ್ದು, 2 ಕಿಲೋವರೆಗಿನದು ಮೈಕ್ರೋ ವರ್ಗ. ನಮ್ಮ 5 ಇಂಚಿನದು ಅಲ್ಲೇ ಬರುತ್ತದೆ. ಹಸಿರು ವಲಯದಲ್ಲಿ (ಮುಂಗಡ ಅನುಮತಿ ಬೇಡದ ವಲಯ) 400 ಅಡಿ, ವಿಮಾನ ನಿಲ್ದಾಣದ ಸುತ್ತುಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವೆ 200 ಅಡಿ ಮಿತಿ. ಪುಣೆಯಲ್ಲಿ ಇದು ಬರಿಯ ಕಾಗದದ ಮಾತಲ್ಲ: ಲೋಹಗಾಂವ್‌ನಲ್ಲಿ ವಾಯುಪಡೆಯ ನೆಲೆ, ಖಡಕ್‌ವಾಸ್ಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಪಾಷಾಣ್‌ನಲ್ಲಿ ಡಿಆರ್‌ಡಿಒ ಪ್ರಯೋಗಾಲಯಗಳು, ನಡುವೆ ದಂಡು ಪ್ರದೇಶ. ಖಾಲಿ ಬಯಲು ಕಂಡಿತೆಂದು ಡ್ರೋನ್ ಎತ್ತಬೇಡಿ. ಸರ್ಕಾರದ ವಲಯ ನಕ್ಷೆಯನ್ನು ಹೊರಡುವ ದಿನವೇ ನೋಡಿ, ಪೊಲೀಸರ ತಾತ್ಕಾಲಿಕ ನಿಷೇಧ ಇದೆಯೇ ವಿಚಾರಿಸಿ, ನೋಂದಣಿ ಮುಗಿಸಿಕೊಳ್ಳಿ. ಗಾಗಲ್ಸ್ ಹಾಕಿದವರಿಗೆ ಸುತ್ತಲಿನದು ಕಾಣುವುದಿಲ್ಲ. ಪಕ್ಕದಲ್ಲಿ ಒಬ್ಬರು ಬರಿಗಣ್ಣಿನಿಂದ ಡ್ರೋನ್ ನೋಡುತ್ತ ನಿಂತಿರಲೇಬೇಕು.

ಈಗ ಪ್ರೊಪೆಲ್ಲರ್ ಹಾಕಿ. ಮೊದಲ ಹಾರಾಟ ಮೂವತ್ತು ಸೆಕೆಂಡು, ಎದೆಯೆತ್ತರ. ಇಳಿಸಿ, ಡಿಸಾರ್ಮ್ ಮಾಡಿ, ನಾಲ್ಕೂ ಮೋಟರ್ ಮುಟ್ಟಿ ನೋಡಿ. ನಾಲ್ಕೂ ಬೆರಳಿಡಲಾರದಷ್ಟು ಬಿಸಿಯಿದ್ದರೆ ಫಿಲ್ಟರ್ ಅಥವಾ ಪಿಐಡಿಯ ಡಿ ಮೌಲ್ಯದ ತಪ್ಪು. ಒಂದೇ ಬಿಸಿಯಿದ್ದರೆ ಆ ಮೋಟರಿನ ಬೇರಿಂಗ್, ಸೊಟ್ಟಗಾದ ಗಂಟೆ (ತಿರುಗುವ ಹೊರಕವಚ), ಇಲ್ಲವೇ ಮೇಲೆ ಹೇಳಿದ ಸ್ಕ್ರೂ.

ವಾರಾಂತ್ಯಕ್ಕೆ ಗೋವಾ ಕಡಲತೀರಕ್ಕೆ ಒಯ್ಯುವವರು ಮೊದಲೇ ಬೋರ್ಡಿಗೆ ತೇವ ತಡೆಯುವ ಕನ್ಫಾರ್ಮಲ್ ಕೋಟಿಂಗ್ ಲೇಪ ಹಚ್ಚಿ. ಯುಎಸ್‌ಬಿ ಕಿಂಡಿ, ಬೂಟ್ ಗುಂಡಿ, ಬಾರೋಮೀಟರ್ ಮಾತ್ರ ಬಿಟ್ಟು. ಮರಳಿನ ಮೇಲಿಂದ ನೇರವಾಗಿ ಎತ್ತಬೇಡಿ, ಅದರಲ್ಲಿನ ಕಬ್ಬಿಣದ ಕರಿಕಣಗಳು ಮೋಟರಿನ ಅಯಸ್ಕಾಂತಕ್ಕೆ ಅಂಟುತ್ತವೆ. ಒಂದು ಚಾಪೆ ಹಾಸಿ. ವಿಮಾನದಲ್ಲಿ ಹೋಗುವುದಾದರೆ ಬ್ಯಾಟರಿಗಳು ಕೈಚೀಲದಲ್ಲೇ, ಕನೆಕ್ಟರಿಗೆ ಟೇಪ್ ಸುತ್ತಿ. 6ಎಸ್ 1300 ಎಂಎಎಚ್ ಎಂದರೆ ಸುಮಾರು 29 ವ್ಯಾಟ್-ಅವರ್.

ಬ್ಯಾಟರಿ

ಹಾರುವಾಗ ಸೆಲ್‌ಗೆ 3.5 ವೋಲ್ಟ್ ಬಂದರೆ ಇಳಿಸಿ. 1300 ಎಂಎಎಚ್ ಬ್ಯಾಟರಿಗೆ 1.3 ಆಂಪ್‌ನಲ್ಲಿ, ಬ್ಯಾಲೆನ್ಸ್ ತಂತಿ ಹಾಕಿಯೇ ಚಾರ್ಜ್ ಮಾಡಿ, ಎದುರಿಗೇ ಕೂತಿರಿ. ಎರಡು ಮೂರು ದಿನ ಹಾರಿಸುವುದಿಲ್ಲವೆಂದರೆ ಸೆಲ್‌ಗೆ 3.8ರಿಂದ 3.85ಕ್ಕೆ ತಂದಿಡಿ. ತುಂಬಿಸಿ ಇಟ್ಟ ಬ್ಯಾಟರಿ ಉಬ್ಬುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಪುಣೆಯಲ್ಲಿ ವಾರಗಟ್ಟಲೆ ಹಾರಾಟವಿಲ್ಲ, ಆಗ ಇದು ಇನ್ನೂ ಮುಖ್ಯ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಡಿಸೆಂಬರ್ ಮುಂಜಾನೆಯ ಚಳಿಯಲ್ಲಿ ಹಾರಿಸುವ ತನಕ ಜಾಕೆಟ್ಟಿನ ಒಳಜೇಬಿನಲ್ಲಿಟ್ಟುಕೊಳ್ಳಿ; ತಣ್ಣಗಿನ ಬ್ಯಾಟರಿ ಮೊದಲ ಥ್ರಾಟಲ್‌ಗೇ ಕುಸಿದು, ತುಂಬಿದ್ದರೂ ಖಾಲಿಯೆಂದು ಎಚ್ಚರಿಕೆ ಕೊಡುತ್ತದೆ.